ಪ್ರಜಾಪ್ರತಿನಿಧಿ ಸಭೆ ಯಾರು ಕೊಟ್ಟದ್ದು? ಮನೆಯವರ ಗುಂಪಿನಲ್ಲಿ ನಡೆದ ವಾದ

ಸಕಲೇಶಪುರದ ದೊಡ್ಡಪ್ಪ (ಹಂಚಿಕೊಂಡ ಬರಹ): "ಬ್ರಿಟಿಷರು ಬರುವ ಮುನ್ನ ಮೈಸೂರು ಸೀಮೆಯಲ್ಲಿ ಪಾಳೇಗಾರರ ಹಾವಳಿ ಬಿಟ್ಟರೆ ರಾಜಕೀಯವೆಂಬುದೇ ಇರಲಿಲ್ಲ. ಅವರು ಐವತ್ತು ವರ್ಷ ನಮಗೆ ಆಡಳಿತ ಕಲಿಸಿದರು. 1881ರಲ್ಲಿ ರಾಜ್ಯವನ್ನು ಹಿಂತಿರುಗಿಸುವಾಗ ಪ್ರಜಾಪ್ರತಿನಿಧಿ ಸಭೆಯನ್ನೂ ಕೊಟ್ಟು ಹೋದರು. ಇಂದಿನ ವಿಧಾನಸಭೆಯ ಬೇರು ಅಲ್ಲಿದೆ. ನಿಜವೆನಿಸಿದರೆ ಹತ್ತು ಜನರಿಗೆ ಕಳುಹಿಸಿ."

ಸಕಲೇಶಪುರದ ದೊಡ್ಡಪ್ಪ: ಬರೆದವರು ಯಾರೋ ತಿಳಿಯದು. ಮಾತು ಸ್ವಲ್ಪ ಖಡಾಖಂಡಿತವಾಗಿದೆ, ಆದರೆ ಸಾರಾಂಶ ಸರಿಯಾಗಿದೆ ಎಂದು ನನಗೆ ತೋರುತ್ತದೆ. ತಿಳಿದವರು ಹೇಳಿ.

ತರೀಕೆರೆಯ ಭಾವ: ಮಾವನವರು ಬೇಸರ ಮಾಡಿಕೊಳ್ಳಬಾರದು, ಇದರಲ್ಲಿ ಒಂದು ಸಾಲೂ ನಿಲ್ಲುವಂಥದ್ದಲ್ಲ. ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದವರು ಒಡೆಯರು ಮತ್ತು ಅವರ ದಿವಾನರಾದ ರಂಗಾಚಾರ್ಲು. ಬ್ರಿಟಿಷರು ಐವತ್ತು ವರ್ಷ ಮೈಸೂರನ್ನು ನೇರವಾಗಿ ಆಳಿದರಲ್ಲ, ಆಗ ಒಂದು ದಿನವಾದರೂ ಪ್ರಜೆಗಳನ್ನು ಕರೆದು ಕೂರಿಸಿ ಮಾತನಾಡಿಸಿದರೇ? ಅವರು ಮಾಡಿದ್ದು ಲೂಟಿ. ಅದಕ್ಕೆ ಹೊರತಾಗಿ ಅವರಿಂದ ನಮ್ಮ ರಾಜಕೀಯಕ್ಕೆ ಏನೂ ಬರಲಿಲ್ಲ.

ಸಕಲೇಶಪುರದ ದೊಡ್ಡಪ್ಪ: ಏನೂ ಬರಲಿಲ್ಲ ಎನ್ನುವುದು ಅತಿಯಾಯಿತು. ಇಲ್ಲಿಂದ ಬೆಟ್ಟ ಹತ್ತಿದರೆ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ಇದೆ. ಆ ಕೋಟೆಯ ಕಾಲದಲ್ಲಿ ನಮ್ಮ ಸೀಮೆಯಲ್ಲಿ ನ್ಯಾಯ ಕೇಳಬೇಕಾದರೆ ಐಗೂರಿನ ಪಾಳೇಗಾರನ ಬಾಗಿಲಿಗೆ ಹೋಗಬೇಕಿತ್ತು, ಅಥವಾ ಅವನ ಜೊತೆ ಸೇರಿ ಕತ್ತಿ ಹಿಡಿಯಬೇಕಿತ್ತು. ಬ್ರಿಟಿಷ್ ಕಮಿಷನರ್ ಕಬ್ಬನ್ ಸಾಹೇಬರ ಕಾಲ ಮುಗಿಯುವ ಹೊತ್ತಿಗೆ ಅದೇ ರೈತ ಕಚೇರಿಗೆ ಹೋಗಿ ಅರ್ಜಿ ಕೊಡುತ್ತಿದ್ದ. ಇದು ಬದಲಾವಣೆಯಲ್ಲವೇ?

ನಾನು: ದೊಡ್ಡಪ್ಪ, ಭಾವ, ನೀವಿಬ್ಬರೂ ಸಭೆಯನ್ನು ಯಾರು ಕೊಟ್ಟರು ಎಂದೇ ವಾದಿಸುತ್ತಿದ್ದೀರಿ. ಒಬ್ಬರಿಗೆ ಬ್ರಿಟಿಷರು ದಾನಿಗಳು, ಇನ್ನೊಬ್ಬರಿಗೆ ಅರಸರು ದಾನಿಗಳು. ಎರಡೂ ಲೆಕ್ಕದಲ್ಲಿ ಪ್ರಜೆ ಕೈಯೊಡ್ಡಿ ನಿಂತವನಾಗಿಬಿಡುತ್ತಾನೆ. ಮೈಸೂರಿನಲ್ಲಿ ವಸಾಹತು ಆಳ್ವಿಕೆಯಿಂದ ರಾಜಕೀಯ ಬದಲಾಯಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಅದು ಬದಲಾದದ್ದು ಕಂದಾಯದ ಮೂಲಕ, ಕಂದಾಯಕ್ಕೆ ರೈತರು ತೋರಿಸಿದ ಪ್ರತಿರೋಧದ ಮೂಲಕ. ಆ ಪ್ರತಿರೋಧವನ್ನು ಕಥೆಯಿಂದ ತೆಗೆದುಹಾಕಿದರೆ 1881 ಏಕೆ ಬಂತು ಎಂಬುದೇ ಅರ್ಥವಾಗುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಐದು ವರ್ಷದ ಮಗುವಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಯಲ್ಲಿ ಕೂರಿಸಿ, ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಾಗಳ, ಎಂದರೆ 24.5 ಲಕ್ಷ ರೂಪಾಯಿಯ ಕಪ್ಪವನ್ನು ಗೊತ್ತುಮಾಡಿದರು. ಮಳೆ ಬರಲಿ, ಹೋಗಲಿ, ಆ ಹಣವನ್ನು ನಗದಾಗಿಯೇ ಕಟ್ಟಬೇಕು. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು: ಹಣಕ್ಕೆ ಧಕ್ಕೆ ಬರಬಹುದೆಂದು ಗವರ್ನರ್ ಜನರಲ್‌ಗೆ ಅನಿಸಿದರೆ, ಆ ಹಣಕ್ಕೆ ಭದ್ರತೆಯಾಗುವಷ್ಟು ಸೀಮೆಯನ್ನು ಕಂಪನಿ ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಇಡೀ ಹತ್ತೊಂಬತ್ತನೆಯ ಶತಮಾನದ ಮೈಸೂರಿನ ರಾಜಕೀಯ ಈ ಒಂದು ಷರತ್ತಿನ ನೆರಳಿನಲ್ಲಿ ನಡೆಯಿತು.

ತರೀಕೆರೆಯ ಭಾವ: ಹಾಗೆ ಹೇಳು. ನಮ್ಮ ತರೀಕೆರೆಯ ಪಾಳೇಗಾರರ ಮನೆತನ 1830ರ ದಂಗೆಗೆ ಸೇರಿದ್ದು ಇದೇ ಕಾರಣಕ್ಕೆ.

ನಾನು: ಪಾಳೇಗಾರರ ಕಾರಣ ಬೇರೆ, ರೈತರ ಕಾರಣ ಬೇರೆ, ಭಾವ. ತರೀಕೆರೆಯವರಿಗೆ ಕಳೆದುಹೋದ ಸೀಮೆ ಬೇಕಿತ್ತು. ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನಿಗೆ ನಗರದ, ಎಂದರೆ ಹಳೆಯ ಬಿದನೂರಿನ, ಗದ್ದುಗೆ ಬೇಕಿತ್ತು. ಆದರೆ ದಂಗೆ ಶುರುವಾದದ್ದು ಅವರಿಂದಲ್ಲ. ಇಷ್ಟು ಹಣ ವಸೂಲಿ ಮಾಡಿಕೊಡುತ್ತೇನೆಂದು ಅಮಲ್ದಾರ ಮೊದಲೇ ಬರೆದುಕೊಡಬೇಕಾದ ಶರತ್ತು ಪದ್ಧತಿ ಆಗ ಮೈಸೂರಿನಲ್ಲಿತ್ತು. ಒಪ್ಪಿಕೊಂಡ ಮೊತ್ತ ತುಂಬಲು ಅವನು ರೈತನನ್ನು ಹಿಂಡುತ್ತಿದ್ದ. ಕೇಳುವವರಿಲ್ಲದಾಗ ನಗರ ಸೀಮೆಯ ರೈತರು ಕಚೇರಿಗೆ ಹೋಗುವುದನ್ನು ಬಿಟ್ಟು ಊರೂರು ಸೇರಿ ಕೂಟ ಕಟ್ಟಿದರು. ಕಂದಾಯ ಇಳಿಸಿ, ಅನ್ಯಾಯ ಮಾಡಿದ ಅಧಿಕಾರಿಗಳನ್ನು ವಿಚಾರಿಸಿ ಎಂಬುದು ಆ ಕೂಟಗಳ ಬೇಡಿಕೆ. ಪಾಳೇಗಾರರು ಆಮೇಲೆ ಅದರ ಮೇಲೇರಿದರು. ದೊಡ್ಡಪ್ಪ ಕಳುಹಿಸಿದ ಬರಹದಲ್ಲಿ "ರಾಜಕೀಯವೆಂಬುದೇ ಇರಲಿಲ್ಲ" ಎಂದಿದೆಯಲ್ಲ, ಆ ಸಾಲಿಗೆ ಈ ಕೂಟಗಳೇ ಉತ್ತರ. ಆಯುಧ ಹಿಡಿಯುವ ಮುನ್ನ ಒಂದೆಡೆ ಕೂತು ಸರ್ಕಾರಕ್ಕೆ ಲೆಕ್ಕ ಕೇಳಿದ ಮಲೆನಾಡಿನ ಒಕ್ಕಲಿಗೆ ರಾಜಕೀಯ ತಿಳಿದಿರಲಿಲ್ಲವೆಂದು ಹೇಗೆ ಹೇಳುವುದು?

ಸಕಲೇಶಪುರದ ದೊಡ್ಡಪ್ಪ: ಕೂಟದ ವಿಷಯವನ್ನು ಒಪ್ಪುತ್ತೇನೆ. ಆದರೆ ಶರತ್ತು ಪದ್ಧತಿ ಅರಸರ ಸರ್ಕಾರದ್ದು, ಕಂಪನಿಯದ್ದಲ್ಲ. ಪೂರ್ಣಯ್ಯನವರು ತುಂಬಿಸಿಟ್ಟಿದ್ದ ಬೊಕ್ಕಸ ಮುಮ್ಮಡಿಯವರ ಕಾಲದಲ್ಲಿ ಬರಿದಾಯಿತೆಂದು ನಾವು ಶಾಲೆಯಲ್ಲೇ ಓದಿದ್ದೇವೆ. ಅದನ್ನು ಸರಿಪಡಿಸಿದವರು ಕಬ್ಬನ್. ಅವರು ರದ್ದುಮಾಡಿದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಜವಳ ತೆಗೆಸಿದರೆ ತೆರಿಗೆ. ಇದನ್ನೆಲ್ಲ ತೆಗೆದವನನ್ನು ಬರೀ ಲೂಟಿಕೋರ ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ನಾನು: ಅರಮನೆಯ ದುಂದುವೆಚ್ಚವನ್ನು ನಾನು ಮುಚ್ಚಿಡುವುದಿಲ್ಲ, ದೊಡ್ಡಪ್ಪ. ಕಬ್ಬನ್ ತೆಗೆದ ತೆರಿಗೆಗಳಿಂದ ಬಡವರಿಗೆ ಉಸಿರಾಡುವಂತಾಯಿತು ಎಂಬುದೂ ನಿಜ. ಆದರೆ 1831ರಲ್ಲಿ ನಡೆದದ್ದನ್ನು ಒಪ್ಪಂದದ ಪಕ್ಕದಲ್ಲಿಟ್ಟು ನೋಡಿ. ಒಪ್ಪಂದ ಹೇಳಿದ್ದು ಹಣದ ಭದ್ರತೆಗೆ ಬೇಕಾದಷ್ಟು ಭಾಗವನ್ನು ತೆಗೆದುಕೊಳ್ಳಬಹುದೆಂದು. ಗವರ್ನರ್ ಜನರಲ್ ಬೆಂಟಿಂಕ್ ತೆಗೆದುಕೊಂಡದ್ದು ಇಡೀ ರಾಜ್ಯವನ್ನು. ಕಪ್ಪಕ್ಕೆ ಕೂಡಲೇ ಅಪಾಯವೇನೂ ಇರಲಿಲ್ಲವೆಂಬುದನ್ನು ಆಮೇಲೆ ಅವರೇ ಒಪ್ಪಿಕೊಂಡರು, ಒಂದಿಷ್ಟು ಭಾಗವನ್ನಿಟ್ಟುಕೊಂಡು ಉಳಿದುದನ್ನು ಅರಸರಿಗೆ ಹಿಂತಿರುಗಿಸೋಣವೆಂದು ಸೂಚಿಸಿದರು, ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ರೈತರು ಕೇಳಿದ್ದು ನ್ಯಾಯವಾದ ಕಂದಾಯ ಮತ್ತು ವಿಚಾರಣೆ. ಅವರಿಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಕೂತ ಒಬ್ಬ ಕಮಿಷನರ್. ಅವನು ಒಳ್ಳೆಯವನೇ ಆಗಿದ್ದರೂ ಅವನನ್ನು ಕೇಳುವ ಹಕ್ಕು ಮೈಸೂರಿನ ಯಾರಿಗೂ ಇರಲಿಲ್ಲ. ಅವನು ಉತ್ತರ ಹೇಳಬೇಕಾದದ್ದು ಕಲ್ಕತ್ತೆಗೆ.

ಇಲ್ಲಿ ಭಾವನ ಮಾತಿಗೂ ಒಂದು ತಿದ್ದುಪಡಿ ಬೇಕು. ಲೂಟಿ ಎಂಬ ಒಂದೇ ಪದದಲ್ಲಿ ಈ ಐವತ್ತು ವರ್ಷ ಹಿಡಿಸುವುದಿಲ್ಲ. ಕಮಿಷನರುಗಳ ಕಾಲದಲ್ಲಿ ಅಧಿಕಾರದ ಸ್ವರೂಪವೇ ಬದಲಾಯಿತು. ಕಮಿಷನರ್ ಬೌರಿಂಗ್ 1862ರಿಂದ ರಾಜ್ಯವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಮರುಹೊಂದಿಸಿದರು. ಹಾಸನ ಅದರಲ್ಲೊಂದು, ಇಂದಿನ ಚಿಕ್ಕಮಗಳೂರು ಆಗ ಕಡೂರು ಜಿಲ್ಲೆ. 1863ರಿಂದ ಭೂಮಿಯ ಅಳತೆ ಮತ್ತು ಕಂದಾಯ ನಿಗದಿ ಶುರುವಾಯಿತು. ಗದ್ದೆಯ ಸರ್ವೆ ನಂಬರು, ಅದರ ಮೇಲಿನ ಕಂದಾಯ, ಕಟ್ಟಬೇಕಾದ ಹೆಸರು, ಎಲ್ಲವೂ ಬರಹಕ್ಕೆ ಬಂದವು. ಅದಕ್ಕೆ ಮುಂಚೆ ಬಲಂ (ಸಕಲೇಶಪುರದ) ಸೀಮೆಯವನಿಗೆ ನಗರ ಸೀಮೆಯವನ ಕಂದಾಯ ಎಷ್ಟೆಂದು ತಿಳಿಯುತ್ತಿರಲಿಲ್ಲ, ತಿಳಿದರೂ ಹೋಲಿಸಿ ಕೇಳಲು ಒಂದೇ ಅಳತೆಗೋಲು ಇರಲಿಲ್ಲ. ಸರ್ಕಾರ ತನ್ನ ಅನುಕೂಲಕ್ಕೆ ಮಾಡಿಕೊಂಡ ಲೆಕ್ಕ ಪ್ರಜೆಗಳ ಕೈಗೆ ವಾದದ ಸಾಮಗ್ರಿಯಾಯಿತು. ವಸಾಹತು ಆಳ್ವಿಕೆ ನಮ್ಮ ರಾಜಕೀಯದ ಮೇಲೆ ಮಾಡಿದ ಅತಿ ದೊಡ್ಡ ಪರಿಣಾಮ ಇದೇ ಎಂದು ನನ್ನ ನಂಬಿಕೆ. ಅವರು ಅದನ್ನು ಉದ್ದೇಶಿಸಿ ಮಾಡಿದ್ದಲ್ಲ.

ತರೀಕೆರೆಯ ಭಾವ: ಹಾಗಾದರೆ 1802ರಲ್ಲಿ ಬಲಂನ ಪಾಳೇಗಾರ ವೆಂಕಟಾದ್ರಿ ನಾಯಕನನ್ನು ಗಲ್ಲಿಗೇರಿಸಿದ್ದೂ ಸುಧಾರಣೆಯೇ? ಕಂಪನಿಯ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಪಡೆ ತೆಗೆದುಕೊಂಡು ದೊಡ್ಡಪ್ಪನವರ ಸೀಮೆಗೇ ಬಂದಿದ್ದ.

ನಾನು: ಖಂಡಿತ ಅಲ್ಲ. ಆದರೆ ಅದರ ಪರಿಣಾಮವನ್ನು ನೋಡಲೇಬೇಕು. ವೆಂಕಟಾದ್ರಿ ನಾಯಕನನ್ನು ಗಲ್ಲಿಗೇರಿಸಿದಾಗ, ಆಮೇಲೆ ನಗರದ ದಂಗೆಯನ್ನು ಅಡಗಿಸಿದಾಗ, ಕತ್ತಿ ಹಿಡಿದು ಕೇಳುವ ದಾರಿ ನಮ್ಮ ಎರಡು ಜಿಲ್ಲೆಗಳಲ್ಲಿ ಮುಚ್ಚಿಹೋಯಿತು. ಬಲವೆಲ್ಲ ಒಂದೇ ಕಡೆ ಸೇರಿತು. ಉಳಿದದ್ದು ಅರ್ಜಿಯ ದಾರಿ. ಸ್ವತಃ ಮುಮ್ಮಡಿಯವರೂ ಅದೇ ದಾರಿ ಹಿಡಿದರು. ರಾಜ್ಯ ಕಳೆದುಕೊಂಡಂದಿನಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಮನವಿ ಬರೆಯುವುದನ್ನು ನಿಲ್ಲಿಸಲಿಲ್ಲ. 1857ರ ನಂತರ ಸಂಸ್ಥಾನಗಳನ್ನು ನುಂಗುವ ನೀತಿ ಅಪಾಯವೆಂದು ಬ್ರಿಟಿಷರಿಗೇ ತಿಳಿದಿತ್ತು. 1865ರಲ್ಲಿ ಮುಮ್ಮಡಿಯವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, 1867ರಲ್ಲಿ ಭಾರತ ಮಂತ್ರಿ ನಾರ್ತ್‌ಕೋಟ್ ರಾಜ್ಯವನ್ನು ಹಿಂತಿರುಗಿಸುವ ನಿರ್ಧಾರ ತಿಳಿಸಿದರು. ದೊಡ್ಡಪ್ಪ, "ಕೊಟ್ಟು ಹೋದರು" ಎಂಬ ಮಾತಿಗೆ ನನ್ನ ಆಕ್ಷೇಪ ಇಲ್ಲಿದೆ. ಮೂವತ್ತಾರು ವರ್ಷ ಕೇಳಿ ಪಡೆದದ್ದು ಅದು. ಹೋದದ್ದಂತೂ ಇಲ್ಲವೇ ಇಲ್ಲ.

ಸಕಲೇಶಪುರದ ದೊಡ್ಡಪ್ಪ: ಹೋಗಲಿಲ್ಲ ಎಂದರೆ? 25 ಮಾರ್ಚ್ 1881ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಒಪ್ಪಿಸಿದರಲ್ಲ.

ನಾನು: ಒಪ್ಪಿಸುವಾಗ ಬರೆದ ಪತ್ರದ ಷರತ್ತುಗಳನ್ನು ನೋಡಬೇಕು. ಪಟ್ಟಕ್ಕೆ ಬರುವ ಪ್ರತಿಯೊಬ್ಬ ವಾರಸುದಾರನಿಗೂ ಭಾರತ ಸರ್ಕಾರದ ಮಾನ್ಯತೆ ಬೇಕು. ಜಾರಿಯಲ್ಲಿದ್ದ ಕಾನೂನುಗಳನ್ನು ಅದರ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಅರಸರು ಸ್ವಂತ ನಾಣ್ಯ ಟಂಕಿಸುವಂತಿಲ್ಲ. ಕಪ್ಪ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿತು, ಆ ಹೆಚ್ಚುವರಿಯನ್ನು ಮಾತ್ರ ಕೆಲವು ವರ್ಷ ಮುಂದಕ್ಕೆ ಹಾಕಿದರು. ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು, 1947ರಲ್ಲಿ ಮೈಸೂರಿಗೆ ಮರಳಿತು. ಇನ್ನು ರಾಜ್ಯ ಯಾವ ಸ್ಥಿತಿಯಲ್ಲಿ ಕೈಗೆ ಬಂತು? 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50.55 ಲಕ್ಷ, 1881ರಲ್ಲಿ 41.86 ಲಕ್ಷ. ನಡುವೆ 1876ರಿಂದ 78ರವರೆಗಿನ ಬರ. ಆ ಬರ ಬಂದಾಗ ಆಡಳಿತ ಕಮಿಷನರರದ್ದು. ಪಾಠ ಕಲಿಸಿದ ಐವತ್ತು ವರ್ಷ ಎಂದು ಬರೆಯುವವರು ಈ ಎರಡು ಅಂಕಿಗಳನ್ನು ಪಕ್ಕದಲ್ಲಿ ಬರೆಯಲೇಬೇಕು.

ಬೊಕ್ಕಸ ಬರಿದು, ಊರುಗಳು ಖಾಲಿ, ಮೇಲೆ ಕಪ್ಪದ ಹೊರೆ. ಇಂಥ ಹೊತ್ತಿನಲ್ಲಿ ರಂಗಾಚಾರ್ಲು ಅವರಿಗೆ ರೈತರ ಮತ್ತು ವ್ಯಾಪಾರಿಗಳ ಒಪ್ಪಿಗೆ ಬೇಕಿತ್ತು. ತಾಲ್ಲೂಕಿಗೆ ಒಬ್ಬಿಬ್ಬರು ಹಿಡುವಳಿದಾರರನ್ನೂ ಜಿಲ್ಲೆಗೆ ಮೂರು ನಾಲ್ಕು ಜನ ವರ್ತಕರನ್ನೂ ಆರಿಸಿ ದಸರೆಗೆ ಮೈಸೂರಿಗೆ ಕರೆಸಿದರು. 7 ಅಕ್ಟೋಬರ್ 1881ರಂದು 144 ಪ್ರತಿನಿಧಿಗಳೆದುರು ದಿವಾನರು ವರ್ಷದ ಜಮಾಖರ್ಚನ್ನು ಓದಿದರು. ಐವತ್ತೊಂದು ವರ್ಷದ ಹಿಂದೆ ಕೂಟ ಕಟ್ಟಿದ ರೈತರು ಕೇಳಿದ್ದು ಇದನ್ನೇ: ನಮ್ಮಿಂದ ತೆಗೆದುಕೊಂಡದ್ದಕ್ಕೆ ಲೆಕ್ಕ ಹೇಳಿ. ರಂಗಾಚಾರ್ಲು ದೊಡ್ಡ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಕಮಿಷನರರ ಕಚೇರಿಯಲ್ಲೇ ಪಳಗಿದ ಅವರಿಗೆ ಆ ಆಡಳಿತದಲ್ಲಿ ಯಾವುದು ಇಲ್ಲವೆಂಬುದು ಚೆನ್ನಾಗಿ ಗೊತ್ತಿತ್ತು.

ಹಾಸನದ ಅತ್ತೆ: ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಅರಸರು ಬಂದರು, ಕಮಿಷನರು ಬಂದರು, ರೈತರು ಬಂದರು. ಹಿಡುವಳಿಯೂ ಇಲ್ಲದ, ಅಂಗಡಿಯೂ ಇಲ್ಲದ ಜನ ಎಲ್ಲಿ? ಅಣ್ಣನ ಸೀಮೆಯ ತೋಟಗಳಲ್ಲಿ ಮುಂಗಡ ಪಡೆದು ಸಾಲ ತೀರುವವರೆಗೆ ದುಡಿದ ಆಳುಗಳು ಆ 144 ಜನರಲ್ಲಿ ಇದ್ದರೇ? ಹೆಂಗಸರು ಇದ್ದರೇ?

ನಾನು: ಇರಲಿಲ್ಲ, ಅತ್ತೆ. ನೀವು ಹಿಡಿದದ್ದು ಈ ಚರ್ಚೆಯ ಮರ್ಮದ ಜಾಗ. ಮಂಜರಾಬಾದಿನ ಇಂಗ್ಲಿಷ್ ಪ್ಲಾಂಟರ್ ರಾಬರ್ಟ್ ಎಲಿಯಟ್ ಆ ಸಭೆಯ ಸದಸ್ಯರಾಗಿದ್ದರು, ಅದರ ಬಗ್ಗೆ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದೂ ಇದ್ದಾರೆ. ತೋಟದ ದೊರೆಗೆ ಅಲ್ಲಿ ಕುರ್ಚಿ ಇತ್ತು, ತೋಟದ ಆಳಿಗೆ ಇರಲಿಲ್ಲ. 1891ರಲ್ಲಿ ಚುನಾವಣೆ ಬಂದಾಗಲೂ ಆಸ್ತಿ ಇದ್ದವರಿಗಷ್ಟೇ ಮತ. ಹೆಂಗಸರಿಗೆ ಮತ ಬಂದದ್ದು 1923ರ ಸುಧಾರಣೆಯಲ್ಲಿ, ಅದೂ ಆಸ್ತಿಯ ಅರ್ಹತೆಗೆ ಒಳಪಟ್ಟು. ಸಭೆಗೆ ಕಾನೂನಿನ ಬಲ ಸಿಕ್ಕಿದ್ದೂ ಆಗಲೇ. ಅಲ್ಲಿಯವರೆಗೆ ಅದು ಕೇಳುವ ಸಭೆಯಾಗಿತ್ತು, ತೀರ್ಮಾನಿಸುವ ಸಭೆಯಲ್ಲ. ಜಮಾಖರ್ಚು ಓದಿಸಿಕೊಳ್ಳಬಹುದಿತ್ತು, ಅದನ್ನು ತಿರಸ್ಕರಿಸುವಂತಿರಲಿಲ್ಲ.

ತರೀಕೆರೆಯ ಭಾವ: ಮತ್ತೆ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪಾಲನ್ನು ಗೊತ್ತುಮಾಡಲು ಹೊರಟ ಮಿಲ್ಲರ್ ಸಮಿತಿ? ಅದು ಒಡೆದು ಆಳುವ ನೀತಿಯಲ್ಲದೆ ಮತ್ತೇನು? ಅಧ್ಯಕ್ಷನೇ ಇಂಗ್ಲಿಷಿನವನು.

ನಾನು: ಭಾವ, ಇದರಲ್ಲಿ ನಾನು ನಿಮಗೆ ಸ್ವಲ್ಪವೂ ಒಪ್ಪುವುದಿಲ್ಲ. ಲೆಸ್ಲಿ ಮಿಲ್ಲರ್ ಮೈಸೂರಿನ ಮುಖ್ಯ ನ್ಯಾಯಾಧೀಶರು. ಸಮಿತಿಯನ್ನು 1918ರಲ್ಲಿ ನೇಮಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ನೇಮಿಸುವಂತೆ ಒತ್ತಾಯಿಸಿದವರು ಅದರ ಹಿಂದಿನ ವರ್ಷ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಂತಾದ ಸಮುದಾಯಗಳ ಮುಂದಾಳುಗಳು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿರಬೇಕು ಎಂದು ಸಮಿತಿ ಹೇಳಿತು. ವಿಶ್ವೇಶ್ವರಯ್ಯನವರಿಗೆ ಈ ಯೋಚನೆಯೇ ಸರಿಯೆನಿಸಿರಲಿಲ್ಲ, ವರದಿ ಬರುವ ಮುನ್ನವೇ ದಿವಾನಗಿರಿಯನ್ನು ಬಿಟ್ಟಿದ್ದರು.

ವಸಾಹತು ಆಳ್ವಿಕೆಗೂ ಇದಕ್ಕೂ ಸಂಬಂಧ ಇದೆ, ನೀವು ಹೇಳಿದ ರೀತಿಯದ್ದಲ್ಲ. ಇಂಗ್ಲಿಷ್ ಕಲಿತವನಿಗೇ ಸರ್ಕಾರಿ ಕೆಲಸ ಎಂಬ ಏಣಿಯನ್ನು ಅವರು ನೆಟ್ಟರು, ಮೊದಲಿನಿಂದ ಅಕ್ಷರ ಕೈಲಿದ್ದವರು ಅದನ್ನು ಹತ್ತಿದರು. ಆಮೇಲೆ ಅವರದೇ ಜನಗಣತಿ ಯಾವ ಜಾತಿಯಲ್ಲಿ ಎಷ್ಟು ಜನ, ಎಷ್ಟು ಅಕ್ಷರಸ್ಥರು ಎಂಬುದನ್ನು ಅಚ್ಚುಹಾಕಿತು. ಅಸಮಾನತೆ ಹಿಂದಿನಿಂದಲೂ ಇತ್ತು, ಈಗ ಅದಕ್ಕೆ ಅಂಕಿ ಸಿಕ್ಕಿತು. ಅಂಕಿ ಸಿಕ್ಕಿದ ಮೇಲೆ ಜನ ಸುಮ್ಮನಿರಲಿಲ್ಲ. ನಮ್ಮ ಮನೆತನದಲ್ಲೇ ಮೊದಲು ಸರ್ಕಾರಿ ಕೆಲಸಕ್ಕೆ ಹೋದ ತಲೆಮಾರು ಆ ಸಮಿತಿಯ ಶಿಫಾರಸಿನ ಮೇಲೆ ಹೊರಟ ಆದೇಶಗಳ ನಂತರದ್ದು. ಅದನ್ನು ಒಡೆದು ಆಳುವ ತಂತ್ರವೆಂದು ಕರೆದರೆ ಕೇಳಿದವರ ಬುದ್ಧಿಯನ್ನು ಇಂಗ್ಲಿಷರ ಲೆಕ್ಕಕ್ಕೆ ಬರೆದುಕೊಟ್ಟಂತೆ.

ಹಾಸನದ ಅತ್ತೆ: ಇದು ಸರಿಯಾದ ಮಾತು.

ಸಕಲೇಶಪುರದ ದೊಡ್ಡಪ್ಪ: ಎಲ್ಲ ಕೇಳಿದ ಮೇಲೂ ನನ್ನ ಒಂದು ಪ್ರಶ್ನೆ ಉಳಿಯಿತು. ಮೈಸೂರು ಮಾದರಿ ಸಂಸ್ಥಾನ ಎನಿಸಿಕೊಂಡಿತು. ಸಭೆ, ವಿದ್ಯುತ್ತು, ಶಾಲೆ, ಕಾರ್ಖಾನೆ ಎಲ್ಲವೂ ಬಂದವು. ನೇರವಾಗಿ ಬ್ರಿಟಿಷರು ಆಳಿದ ಸೀಮೆಗಳಿಗಿಂತ ನಾವು ಮುಂದಿದ್ದೆವು. ಹೀಗಿರುವಾಗ ಅವರ ಮೇಲಾಳ್ವಿಕೆಯಿಂದ ನಮ್ಮ ರಾಜಕೀಯಕ್ಕೆ ಕೆಟ್ಟದ್ದೇನಾಯಿತು?

ನಾನು: ಶಿರಾಡಿ ಘಾಟಿ ಇಳಿದರೆ ಆಗ ಮದ್ರಾಸ್ ಪ್ರಾಂತ್ಯ. ತುಂಗಭದ್ರೆ ದಾಟಿ ಧಾರವಾಡದ ಕಡೆ ಹೋದರೆ ಮುಂಬಯಿ ಪ್ರಾಂತ್ಯ. 1937ರಲ್ಲಿ ಆ ಎರಡೂ ಪ್ರಾಂತ್ಯಗಳಲ್ಲಿ ಚುನಾಯಿತ ಮಂತ್ರಿಮಂಡಲಗಳು ಬಂದವು. ಪುತ್ತೂರಿನವನು ಮತ ಹಾಕಿ ಮಂತ್ರಿಯನ್ನು ಮಾಡಬಹುದಾಗಿದ್ದಾಗ, ಘಾಟಿಯ ಈಚೆಗಿನ ಸಕಲೇಶಪುರದವನಿಗೆ ದಿವಾನರೇ ಗತಿ. ಅರಸರ ಬೆನ್ನಿಗೆ ಬ್ರಿಟಿಷ್ ಸಾರ್ವಭೌಮತ್ವ ಇತ್ತು. ಸಂಸ್ಥಾನದೊಳಗೆ ಪ್ರಜೆಗಳು ಎಷ್ಟೇ ಒಗ್ಗಟ್ಟಾದರೂ ಅರಸರು ಮಣಿಯಲೇಬೇಕಾದ ಒತ್ತಡ ಹುಟ್ಟುತ್ತಿರಲಿಲ್ಲ. ಹಳೆಯ ಕಾಲದಲ್ಲಿ ಪ್ರಜೆ ತಿರುಗಿಬಿದ್ದಾನೆಂಬ ಹೆದರಿಕೆ ಅರಸನಿಗಿತ್ತು, 1799ರ ನಂತರ ಆ ಹೆದರಿಕೆಯನ್ನು ಸಹಾಯಕ ಸೈನ್ಯ ತೆಗೆದುಹಾಕಿತು. ಒಳ್ಳೆಯ ಅರಸರು, ಒಳ್ಳೆಯ ದಿವಾನರು ಬಂದದ್ದು ನಮ್ಮ ಅದೃಷ್ಟ. ಅವರು ಹಾಗಲ್ಲದಿದ್ದರೆ ಅವರನ್ನು ತೆಗೆಯುವ ಶಕ್ತಿ ಇದ್ದದ್ದು ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟನಿಗೆ ಮತ್ತು ವೈಸರಾಯಿಗೆ, ಮತದಾರನಿಗಲ್ಲ.

1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಬಾವುಟ ಹಾರಿಸಲು ಸೇರಿದವರನ್ನು ಬಂಧಿಸಿದ್ದು, ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಮಾದರಿ ಸಂಸ್ಥಾನದ ಪೊಲೀಸರೇ. ಸಭೆ ಬಂದು 57 ವರ್ಷವಾಗಿತ್ತು.

ತರೀಕೆರೆಯ ಭಾವ: 15 ಆಗಸ್ಟ್ 1947 ಬಂದ ಮೇಲೂ ಇಲ್ಲಿ ಜವಾಬ್ದಾರಿ ಸರ್ಕಾರ, ಎಂದರೆ ಪ್ರಜೆಗಳ ಪ್ರತಿನಿಧಿಗಳಿಗೆ ಉತ್ತರ ಹೇಳುವ ಸರ್ಕಾರ, ಇರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಮಾಡಬೇಕಾಯಿತು. ನಮ್ಮ ತಾತ ಆಗ ಬೀರೂರಿನಿಂದ ರೈಲು ಹತ್ತಿದ್ದರೆಂದು ಅಮ್ಮ ಹೇಳುತ್ತಿದ್ದರು.

ನಾನು: ಹೌದು ಭಾವ. ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ದಿವಾನರಾಗಿದ್ದರು. ಆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಬ್ರಿಟಿಷರು ಹೊರಟ ಕೆಲವೇ ವಾರಗಳಲ್ಲಿ ಅರಮನೆ ಒಪ್ಪಿತು ಎಂಬುದನ್ನು ಗಮನಿಸಿ. ಅಷ್ಟು ವರ್ಷ ಆಗದಿದ್ದದ್ದು ಬೆನ್ನಿಗಿದ್ದ ಆಸರೆ ಹೋದ ಕೂಡಲೇ ಆಯಿತು.

ಸಕಲೇಶಪುರದ ದೊಡ್ಡಪ್ಪ: ಪುತ್ತೂರಿನ ಹೋಲಿಕೆ ನನಗೆ ಹೊಳೆದಿರಲಿಲ್ಲ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಕಬ್ಬನ್ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ. 769 ತೆರಿಗೆ ತೆಗೆದದ್ದು ತೆಗೆದದ್ದೇ. ಈ ಬರಹವನ್ನು ಕಳುಹಿಸಿದ ಪ್ಲಾಂಟರುಗಳ ಗುಂಪಿನಲ್ಲಿ ನಗರದ ಕೂಟಗಳ ಬಗ್ಗೆ ನೀನು ಬರೆದದ್ದನ್ನು ಹಾಕಬಹುದೇ?

ನಾನು: ಹಾಕಿ ದೊಡ್ಡಪ್ಪ. 35 ಲಕ್ಷದ ಕಪ್ಪವನ್ನೂ, ಎರಡು ಜನಗಣತಿಗಳ ಅಂಕಿಗಳನ್ನೂ ಬಿಡಬೇಡಿ. ಕಬ್ಬನ್ ತೆಗೆದ ತೆರಿಗೆಗಳನ್ನು ನೀವೇ ಮೇಲೆ ಬರೆಯಿರಿ, ಅದು ನಿಜವಾದ ಮಾತು.

ಹಾಸನದ ಅತ್ತೆ: ತೋಟದ ಆಳುಗಳಿಗೆ ಕುರ್ಚಿ ಇರಲಿಲ್ಲವೆಂಬ ಸಾಲನ್ನೂ ಪ್ಲಾಂಟರುಗಳ ಗುಂಪಿನಲ್ಲಿ ಹಾಕು, ಅಣ್ಣ.

ಸಕಲೇಶಪುರದ ದೊಡ್ಡಪ್ಪ: ಹಾಕುತ್ತೇನೆ.